ಬಿಗಿ ಹಿಡಿಯುವ ಹೊತ್ತು, ಸಡಿಲ ಬಿಡುವ ಹೊತ್ತು



ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿಯುವವರನ್ನು ಅವರ ಮೇಲಧಿಕಾರಿಯ ಬಗ್ಗೆ ಕೇಳಿ ನೋಡಿ. ಎರಡು ದೂರುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ‘ನಮ್ಮ ಸಾಹೇಬ್ರು ಎಲ್ಲದಕ್ಕೂ ಮೂಗು ತೂರಿಸ್ತಾರೆ, ಒಂದು ಇಮೇಲ್ ಕಳಿಸೋಕೂ ಅವರನ್ನ ಕೇಳ್ಬೇಕು’ ಎಂಬುದು ಒಂದು. ‘ನಮ್ಮ ಸಾಹೇಬ್ರು ಏನನ್ನೂ ಸರಿಯಾಗಿ ಹೇಳಲ್ಲ, ಕೆಲಸ ಕೊಟ್ಟು ಮಾಯ ಆಗ್ಬಿಡ್ತಾರೆ’ ಎಂಬುದು ಇನ್ನೊಂದು. ಈ ಎರಡೂ ದೂರು ಒಬ್ಬರೇ ಅಧಿಕಾರಿಯ ಮೇಲೆ, ಒಂದೇ ವಿಭಾಗದ ಇಬ್ಬರಿಂದ ಬಂದಿರುವುದುಂಟು. ಎರಡೂ ನಿಜವಾಗಿರುವುದೂ ಉಂಟು. ಆ ಅಧಿಕಾರಿ ತಮಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲಿ ಸದಾ ಕೈಯಾಡಿಸುತ್ತಾರೆ, ಗೊತ್ತಿಲ್ಲದ ಕಡೆ ತಲೆ ಹಾಕುವುದಿಲ್ಲ. ಅವರ ನಡವಳಿಕೆಯನ್ನು ತೀರ್ಮಾನ ಮಾಡುತ್ತಿರುವುದು ಅವರ ಸ್ವಂತ ಅನುಕೂಲ. ಕೆಲಸ ಏನು ಕೇಳುತ್ತಿದೆ, ಕೆಲಸ ಮಾಡುವವರು ಯಾವ ಹಂತದಲ್ಲಿದ್ದಾರೆ ಎಂಬುದು ಲೆಕ್ಕಕ್ಕೇ ಬಂದಿಲ್ಲ.

ನಾಯಕತ್ವದ ಶೈಲಿ ಪರಿಸ್ಥಿತಿಗೆ ತಕ್ಕಂತೆ ಬದಲಾಗಬೇಕು ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಪರಿಸ್ಥಿತಿ ಬದಲಾಯಿತು ಎಂದು ತಿಳಿಯುವುದು ಹೇಗೆ, ಬದಲಾಗಬೇಕಾದದ್ದು ಮನುಷ್ಯನೋ ಅವನ ರೀತಿಯೋ ಎಂಬಲ್ಲಿ ಕಷ್ಟ ಶುರುವಾಗುತ್ತದೆ. ಇದರ ಬಗ್ಗೆ ವಿದ್ವಾಂಸರಲ್ಲೇ ಎರಡು ಪಕ್ಷಗಳಿವೆ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡ್ ಫೀಡ್ಲರ್ ತಮ್ಮ ಪುಸ್ತಕದಲ್ಲಿ ಒಂದು ನಿಷ್ಠುರವಾದ ಮಾತು ಮುಂದಿಟ್ಟರು: ಒಬ್ಬ ವ್ಯಕ್ತಿಯ ಶೈಲಿ ಅವನ ಸ್ವಭಾವದಲ್ಲಿ ಬೇರೂರಿರುತ್ತದೆ, ಸುಲಭಕ್ಕೆ ಬದಲಾಗದು, ಆದ್ದರಿಂದ ಪರಿಸ್ಥಿತಿಗೆ ಒಪ್ಪುವ ನಾಯಕನನ್ನು ತನ್ನಿ, ಇಲ್ಲವೇ ನಾಯಕನಿಗೆ ಒಪ್ಪುವಂತೆ ಪರಿಸ್ಥಿತಿಯನ್ನು ಮಾರ್ಪಡಿಸಿ. ಎರಡು ವರ್ಷದ ನಂತರ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಬೇರೆಯೇ ಹಾದಿ ಹಿಡಿದರು. ಅವರ ಪ್ರಕಾರ ನಾಯಕ ಬದಲಾಗಬಲ್ಲ. ಕೆಲಸಕ್ಕೆ ಹೊಸಬರಾದವರಿಗೆ ಹೀಗೆ ಮಾಡಿ ಎಂದು ಹೇಳಬೇಕು. ಸ್ವಲ್ಪ ಕಲಿತವರಿಗೆ ಏಕೆ ಹಾಗೆ ಎಂದು ಒಪ್ಪಿಸಬೇಕು. ಬಲ್ಲವರಾದರೂ ಧೈರ್ಯ ಸಾಲದವರ ಜೊತೆ ಕೂತು ತೀರ್ಮಾನಿಸಬೇಕು. ಬಲ್ಲವರೂ ಧೈರ್ಯವಂತರೂ ಆದವರಿಗೆ ಕೆಲಸ ವಹಿಸಿ ಪಕ್ಕಕ್ಕೆ ಸರಿಯಬೇಕು. ಮ್ಯಾನೇಜ್‌ಮೆಂಟ್ ತರಬೇತಿಗೆ ಹೋದವರೆಲ್ಲ ಈ ನಾಲ್ಕು ಚೌಕಗಳ ಚಿತ್ರವನ್ನು ಪರದೆಯ ಮೇಲೆ ನೋಡಿರುತ್ತೀರಿ. ಅದಕ್ಕೆ ಸಿಕ್ಕ ಪ್ರಚಾರದಷ್ಟು ಸಂಶೋಧನೆಯ ಬೆಂಬಲ ಸಿಕ್ಕಿಲ್ಲ ಎಂಬುದನ್ನು ಮಾತ್ರ ತರಬೇತಿಯಲ್ಲಿ ಹೇಳುವುದು ಕಡಿಮೆ. ಆದರೂ ಅದರೊಳಗಿನ ಒಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಸಿದ್ಧತೆ ಎಂಬುದು ಮನುಷ್ಯನಿಗೆ ಶಾಶ್ವತವಾಗಿ ಅಂಟಿಕೊಂಡ ಗುಣವಲ್ಲ, ಕೆಲಸದಿಂದ ಕೆಲಸಕ್ಕೆ ಅದು ಬೇರೆ.

ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ನಾನು ಬಹುಕಾಲ ದುಡಿದವನು. ಅಲ್ಲಿಯ ಟೂಲ್ ರೂಮಿನ ಫೋರ್ಮನ್ ಈ ಯಾವ ಪುಸ್ತಕವನ್ನೂ ಓದಿದವರಲ್ಲ. ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ ಹುಡುಗರ ಮೊದಲ ದಿನಗಳಲ್ಲಿ ಅವರು ಲೇತ್ ಪಕ್ಕದಿಂದ ಕದಲುತ್ತಿರಲಿಲ್ಲ. ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಮೆಷೀನ್ ಆನ್ ಮಾಡಿದರೆ ಅದು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಅದರ ಬಗ್ಗೆ ಅವರು ಪಾಠ ಮಾಡುತ್ತ ಕೂರುತ್ತಿರಲಿಲ್ಲ. ‘ಕೀ ನಿನ್ನ ಕೈಲಿರ್ಬೇಕು, ಇಲ್ಲಾ ಸ್ಟ್ಯಾಂಡಲ್ಲಿರ್ಬೇಕು. ಮೂರನೇ ಜಾಗ ಇಲ್ಲ’ ಎನ್ನುತ್ತಿದ್ದರು, ಅಷ್ಟೇ. ಅಲ್ಲಿ ಚರ್ಚೆಗೆ ಎಡೆಯಿರಲಿಲ್ಲ, ಇರಲೂ ಬಾರದು. ಅದೇ ಹುಡುಗ ವರ್ಷ ಕಳೆದ ಮೇಲೆ ಡ್ರಾಯಿಂಗ್ ಹಿಡಿದು ಬಂದು, ‘ಸಾರ್, ಇದನ್ನ ಮೊದ್ಲು ಫೇಸಿಂಗ್ ಮಾಡ್ಲಾ, ಬೋರಿಂಗ್ ಮಾಡ್ಲಾ?’ ಎಂದರೆ, ‘ನೀನೇನು ಮಾಡ್ಬೇಕು ಅಂತಿದ್ದೀಯ?’ ಎಂದು ತಿರುಗಿ ಕೇಳುತ್ತಿದ್ದರು. ಉತ್ತರ ಕೇಳಿಸಿಕೊಂಡು, ಸರಿ ಎನ್ನದೆ ತಪ್ಪು ಎನ್ನದೆ ಮುಂದಕ್ಕೆ ಹೋಗಿಬಿಡುತ್ತಿದ್ದರು. ಜಾಬ್ ಕೆಟ್ಟರೆ ಒಂದು ತುಂಡು ಉಕ್ಕು ಹೋಗುತ್ತದೆ, ಹುಡುಗ ಉಳಿಯುತ್ತಾನೆ ಎಂಬುದು ಅವರ ಲೆಕ್ಕ.

ಆಮೇಲೆ ಸಿಎನ್‌ಸಿ ಯಂತ್ರಗಳು ಬಂದವು. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಹಿರಿಯ ಮೆಷಿನಿಸ್ಟ್ ಇದ್ದರು. ಟೂಲ್ ಕೂಗುವ ಸದ್ದು ಕೇಳಿಯೇ ಅದರ ಮೊನೆ ಸವೆದಿದೆ ಎಂದು ಹೇಳಬಲ್ಲ ಮನುಷ್ಯ. ಹೊಸ ಯಂತ್ರದ ಪರದೆಯ ಮುಂದೆ ಅವರ ಕೈ ನಿಂತುಹೋಯಿತು. ಆ ಒಂದು ಕೆಲಸದ ಮಟ್ಟಿಗೆ ಅವರು ಮತ್ತೆ ಅಪ್ರೆಂಟಿಸ್. ಇಲ್ಲಿ ಅಪ್ರೆಂಟಿಸ್‌ಗೆ ಹೇಳಿದಂತೆ ಹೇಳಿದರೆ ಅವಮಾನ. ಹಿರಿಯರು ಎಂದು ಸುಮ್ಮನೆ ಬಿಟ್ಟರೆ ಅವರು ಮೂಲೆಗೆ ಸರಿದುಬಿಡುತ್ತಾರೆ. ಫೋರ್ಮನ್ ಒಬ್ಬ ಎಳೆ ಹುಡುಗನನ್ನು ಕರೆತಂದು ಅವರ ಪಕ್ಕದಲ್ಲಿ ನಿಲ್ಲಿಸಿದರು. ‘ಅಣ್ಣಾ, ಇವನಿಗೆ ಪ್ರೋಗ್ರಾಂ ಗೊತ್ತು, ಕಬ್ಬಿಣ ಗೊತ್ತಿಲ್ಲ. ಫೀಡು ಸ್ಪೀಡು ಎಷ್ಟು ಅಂತ ನೀವು ಹೇಳಿ, ಅವನು ಒತ್ತಲಿ.’ ಕೆಲವು ವಾರಗಳಲ್ಲಿ ಹಿರಿಯರೇ ಕೀಲಿಗಳನ್ನು ಒತ್ತತೊಡಗಿದರು. ಒಂದೇ ಸೂರಿನಡಿ, ಒಂದೇ ಶಿಫ್ಟಿನಲ್ಲಿ, ಮೂವರ ಜೊತೆ ಮೂರು ಬಗೆಯಾಗಿ ನಡೆದುಕೊಂಡ ಆ ಫೋರ್ಮನ್ನರನ್ನು ಯಾರೂ ಪಕ್ಷಪಾತಿ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಒಂದು ಟೂಲ್ ರೂಮಿನಲ್ಲಿ ಕಾಣುವುದು ಒಂದು ದೊಡ್ಡ ಸಂಸ್ಥೆಯ ಚರಿತ್ರೆಯಲ್ಲಿಯೂ ಕಾಣುತ್ತದೆಯೇ? ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋ ನಡೆಸಿಕೊಂಡು ಬಂದ ಬಾಹ್ಯಾಕಾಶ ಕಾರ್ಯಕ್ರಮದ ಮೊದಲ ಮೂರು ದಶಕಗಳನ್ನು ನೋಡೋಣ.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ಒಂದು ರಾಷ್ಟ್ರೀಯ ಸಮಿತಿ ರಚನೆಯಾಯಿತು, ವಿಕ್ರಂ ಸಾರಾಭಾಯಿ ಅದರ ಅಧ್ಯಕ್ಷರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ್ದು, ಕಚೇರಿ ಹಳೆಯ ಚರ್ಚಿನದ್ದು. ಕೆಲಸಕ್ಕೆ ಬಂದ ಎಂಜಿನಿಯರುಗಳಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು. ಮುಂದೆ ಏನು ಬೇಕಾಗುತ್ತದೆ ಎಂದು ಆಗ ಯಾರಿಗೂ ಖಚಿತವಿರಲಿಲ್ಲ. ಅಂಥ ಹೊತ್ತಿನಲ್ಲಿ ಸಾರಾಭಾಯಿ ಮಾಡಿದ್ದು ಕನಸನ್ನು ಹಂಚಿದ್ದು, ಜನರನ್ನು ಸಡಿಲ ಬಿಟ್ಟದ್ದು. ಮೇಲಿನವರು ಕೆಳಗಿನವರು ಎಂಬ ಸೋಪಾನ ಅವರಿಗೆ ಒಗ್ಗುತ್ತಿರಲಿಲ್ಲ. ಯಾವ ಎಂಜಿನಿಯರ್ ಜೊತೆಗಾದರೂ ನೇರವಾಗಿ ಮಾತಿಗೆ ಕೂರುತ್ತಿದ್ದರು. ದೆಹಲಿಯ ಹೋಟೆಲಿನಲ್ಲಿ ಬೆಳಗಿನ ಜಾವ ಮೂರೂವರೆಗೆ ತಮ್ಮನ್ನು ಭೇಟಿಗೆ ಕರೆದದ್ದನ್ನು ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಉಪಗ್ರಹ ಉಡಾವಣಾ ವಾಹನದ, ಅಂದರೆ ಎಸ್‌ಎಲ್‌ವಿಯ, ನಾಲ್ಕು ಹಂತಗಳ ವಿನ್ಯಾಸವನ್ನು ನಾಲ್ವರಿಗೆ ಬೇರೆ ಬೇರೆಯಾಗಿ ಹಂಚಿದರು. ಹೊಸ ಹಾದಿ ಹುಡುಕುವ ಕಾಲಕ್ಕೆ ಇದಕ್ಕಿಂತ ಒಳ್ಳೆಯ ರೀತಿ ಇಲ್ಲ ಎಂದೇ ನನ್ನ ಭಾವನೆ. ಆಜ್ಞೆ ಕೊಡುವವನಿಗೆ ಉತ್ತರ ಗೊತ್ತಿರಬೇಕು. ಉತ್ತರ ಯಾರಿಗೂ ಗೊತ್ತಿಲ್ಲದಾಗ ಹತ್ತು ಜನ ಹತ್ತು ಕಡೆ ಅಗೆಯುವುದೇ ಸರಿ.

ಆದರೆ ನಾಲ್ಕು ಹಂತಗಳು ಒಂದು ರಾಕೆಟ್ ಆಗಬೇಕಲ್ಲ? ಒಬ್ಬರ ಹಂತದ ತೂಕ ಹೆಚ್ಚಿದರೆ ಇನ್ನೊಬ್ಬರ ಲೆಕ್ಕ ತಪ್ಪುತ್ತದೆ. ತುಂಬಾದಲ್ಲಿ ಬೇರೆ ಬೇರೆಯಾಗಿ ಬೆಳೆದ ಘಟಕಗಳ ನಡುವೆ ಪೈಪೋಟಿಯೂ ಇತ್ತು. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿ ಹಠಾತ್ತಾಗಿ ತೀರಿಕೊಂಡಾಗ ಅವರಿಗೆ 52 ವರ್ಷ. ಅವರೇ ಇದ್ದಿದ್ದರೆ ಮುಂದಿನ ಹಂತಕ್ಕೆ ತಮ್ಮ ರೀತಿಯನ್ನು ಬದಲಿಸಿಕೊಳ್ಳುತ್ತಿದ್ದರೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆದದ್ದು ಫೀಡ್ಲರ್ ಹೇಳಿದಂತೆ: ಪರಿಸ್ಥಿತಿ ಬೇರೆಯಾಗಿತ್ತು, ಬೇರೆ ಬಗೆಯ ಮನುಷ್ಯ ಬಂದರು.

ಸತೀಶ್ ಧವನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ, ನಿರ್ದೇಶಕರು. ಸಾರಾಭಾಯಿ ತೀರಿಕೊಂಡಾಗ ಅಮೆರಿಕದ ಕ್ಯಾಲ್ಟೆಕ್‌ನಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಇಸ್ರೋದ ಹೊಣೆ ಹೊರಲು ಕರೆದಾಗ, ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯುತ್ತೇನೆ, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಲಿ ಎಂದು ಕೇಳಿ, ಒಪ್ಪಿಗೆ ಪಡೆದು ಬಂದರು. ಇಸ್ರೋದ ಮನೆ ಬೆಂಗಳೂರಾದದ್ದು ಹೀಗೆ.

ಧವನ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಚದುರಿದ್ದನ್ನು ಕೂಡಿಸಿದ್ದು. ತುಂಬಾದ ಘಟಕಗಳೆಲ್ಲ ಸೇರಿ 1972ರಲ್ಲಿ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವಾಯಿತು. ಪರಮಾಣು ಇಂಧನದ ಕೆಲಸದಲ್ಲಿ ಪಳಗಿದ ಲೋಹಶಾಸ್ತ್ರಜ್ಞ ಬ್ರಹ್ಮಪ್ರಕಾಶ್ ಅದರ ನಿರ್ದೇಶಕರಾದರು. ಎಸ್‌ಎಲ್‌ವಿ-3ಕ್ಕೆ ಒಬ್ಬರೇ ಯೋಜನಾ ನಿರ್ದೇಶಕರು ಎಂದಾಯಿತು, ಅವರು ಕಲಾಂ. 44 ಪ್ರಮುಖ ಉಪವ್ಯವಸ್ಥೆಗಳಿದ್ದ ಯಂತ್ರ ಅದು. ಯಾವುದು ಯಾರ ಹೊಣೆ, ಯಾವ ದಿನಾಂಕಕ್ಕೆ, ಯಾವ ಪರೀಕ್ಷೆ ದಾಟಬೇಕು ಎಂಬುದು ಕಾಗದದ ಮೇಲೆ ಬಂತು. ಪರಿಶೀಲನಾ ಸಭೆಗಳು ನಿಯಮಿತವಾದವು. ಸಾರಾಭಾಯಿಯ ಕಾಲವನ್ನು ಕಂಡವರಲ್ಲಿ ಕೆಲವರಿಗೆ ಇದು ಬಿಗಿ ಎನಿಸಿದ್ದರೆ ಆಶ್ಚರ್ಯವಿಲ್ಲ.

ಈಗ ಅದೇ ಧವನ್ ಅವರನ್ನು ಅದೇ ವರ್ಷಗಳಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ನೋಡಿ. ಅಲ್ಲಿ ಉಡಾವಣೆಯ ದಿನಾಂಕ ಎಂಬುದಿಲ್ಲ. ಪ್ರಾಧ್ಯಾಪಕರಿಗೆ ಇಂಥದ್ದನ್ನೇ ಸಂಶೋಧಿಸಿ ಎಂದು ಆಜ್ಞೆ ಮಾಡುವಂತಿಲ್ಲ, ಮಾಡಿದರೆ ಫಲವೂ ಇಲ್ಲ. ಅವರು ಮಾಡಿದ್ದು ಒಳ್ಳೆಯವರನ್ನು ಹುಡುಕಿ ತಂದು, ಹಣ ಮತ್ತು ಜಾಗ ಕೊಟ್ಟು, ದೂರ ನಿಂತದ್ದು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬಂದದ್ದು ಆ ಕಾಲದಲ್ಲಿ. ವಿದ್ಯುತ್‌ರಸಾಯನ ಶಾಸ್ತ್ರದ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿ 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ ತಲುಪಿಸುವ ಅಸ್ತ್ರ ಎಂಬ ಕಾರ್ಯಕ್ರಮ ಕಟ್ಟಿದ್ದೂ ಆಗಲೇ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅವರ ಕ್ಷೇತ್ರ ಕೇಂದ್ರವಿತ್ತು. ಕಡಿಮೆ ಸೌದೆಯಲ್ಲಿ ಅಡುಗೆಯಾಗುವ, ಹೊಗೆ ಕೊಳವೆಯಲ್ಲಿ ಹೊರಹೋಗುವ ಅಸ್ತ್ರ ಒಲೆಯನ್ನು ನಮ್ಮಲ್ಲಿ ಹಲವರು ಊರ ಮನೆಗಳಲ್ಲಿ ಕಂಡಿದ್ದೇವೆ. ರಾಕೆಟ್ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದವರೇ ಈ ಒಲೆಯ ಕೆಲಸ ನಡೆದ ಸಂಸ್ಥೆಯ ನಿರ್ದೇಶಕರೂ ಆಗಿದ್ದರು ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ. ಒಂದು ಕುರ್ಚಿಯಲ್ಲಿ ದಿನಾಂಕ, ಹೊಣೆ, ಲೆಕ್ಕ. ಇನ್ನೊಂದರಲ್ಲಿ ನಂಬಿಕೆ, ಕಾಯುವಿಕೆ. ಮನುಷ್ಯ ಒಬ್ಬನೇ, ಊರು ಒಂದೇ. ಹೀಗೆ 1981ರವರೆಗೆ ಎರಡನ್ನೂ ನಡೆಸಿದರು. ಸ್ವಭಾವ ಬದಲಾಗದು ಎಂಬ ಫೀಡ್ಲರ್ ಅವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದಕ್ಕೆ ಇದು ಕಾರಣ.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಹಾರಿ ಐದು ನಿಮಿಷ ಚಿಲ್ಲರೆಯಲ್ಲಿ ಬಂಗಾಳ ಕೊಲ್ಲಿಗೆ ಬಿದ್ದದ್ದು, ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಸೋಲನ್ನು ಹೊತ್ತದ್ದು, 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಕಲಾಂ ಅವರನ್ನು ಮುಂದೆ ಕಳಿಸಿದ್ದು, ಇದನ್ನು ಕಲಾಂ ಊರೂರಲ್ಲಿ ಹೇಳಿದ್ದರಿಂದ ನಿಮಗೆಲ್ಲ ಗೊತ್ತು. ಈ ಕಥೆಯನ್ನು ಸಾಮಾನ್ಯವಾಗಿ ದೊಡ್ಡಗುಣಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿಯೇ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಸೋಲು ಗೆಲುವುಗಳ ನಡುವಿನ ಹನ್ನೊಂದು ತಿಂಗಳಲ್ಲಿ ತಪ್ಪನ್ನು ಹುಡುಕುವ ಕೆಲಸ ನಡೆಯಬೇಕಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚದೆ ಆಮ್ಲ ಸೋರಿಹೋಗಿತ್ತು. ಇಂಥದ್ದನ್ನು ಪತ್ತೆ ಮಾಡಬೇಕಾದರೆ ಆ ಕವಾಟದ ಕೆಲಸ ಮಾಡಿದವರು ಬಾಯಿ ಬಿಡಬೇಕು. ಹೊರಗಿನ ಹೊಡೆತ ಅವರ ಮೇಲೆ ಬೀಳದಂತೆ ಮುಖ್ಯಸ್ಥ ಅಡ್ಡ ನಿಂತಿದ್ದರಿಂದ ಒಳಗಿನ ಪರಿಶೀಲನೆ ನಿರ್ದಾಕ್ಷಿಣ್ಯವಾಗಿ ನಡೆಯಲು ಸಾಧ್ಯವಾಯಿತು.

ಹರ್ಸಿ ಮತ್ತು ಬ್ಲಾಂಚರ್ಡ್ ಅವರ ಪಕ್ಷಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ನಮ್ಮ ಉಡುಪಿಯ ಅದಮಾರಿನವರಾದ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್. ‘ಆರ್ಯಭಟ’ ಉಪಗ್ರಹವನ್ನು ಕಟ್ಟಲು ಅವರು ಬೆಂಗಳೂರಿಗೆ ಬಂದಾಗ ಸಿಕ್ಕಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳು. ತಂಡದಲ್ಲಿ ಉಪಗ್ರಹವನ್ನು ಕಂಡವರೇ ವಿರಳ. ಶೌಚಾಲಯವೊಂದನ್ನು ದತ್ತಾಂಶ ಪಡೆಯುವ ಕೋಣೆಯಾಗಿ ಮಾಡಿಕೊಂಡದ್ದನ್ನು ರಾವ್ ಅವರೇ ಹೇಳುತ್ತಿದ್ದರು. ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾದದ್ದು 1972ರಲ್ಲಿ; 360 ಕಿಲೋ ತೂಕದ ಉಪಗ್ರಹ 1975ರ ಏಪ್ರಿಲ್ 19ರಂದು ಅಲ್ಲಿನ ಕಪುಸ್ತಿನ್ ಯಾರ್‌ನಿಂದ ಹಾರಿತು. ಅಲ್ಲಿ ವೇಗವೇ ಜೀವಾಳ. ಮುಖ್ಯಸ್ಥ ಹುಡುಗರ ನಡುವೆಯೇ ಇದ್ದು, ಬೆಸುಗೆಯಿಂದ ಹಿಡಿದು ಪ್ರತಿ ಚಿಕ್ಕ ನಿರ್ಧಾರದಲ್ಲಿ ಕೈಜೋಡಿಸಬೇಕಾದ ಕೆಲಸ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ನಿಂತರೂ ತಂಡ ಕಲಿಯಬೇಕಾದದ್ದನ್ನು ಕಲಿತಿತ್ತು.

1984ರಲ್ಲಿ ರಾವ್ ಇಸ್ರೋ ಅಧ್ಯಕ್ಷರಾದರು. ಎಸ್‌ಎಲ್‌ವಿಗಿಂತ ದೊಡ್ಡದಾದ ಎಎಸ್‌ಎಲ್‌ವಿ 1987ರ ಮಾರ್ಚ್ 24ರಂದು ಸೋತಿತು. ಪಕ್ಕದ ಎರಡು ರಾಕೆಟ್‌ಗಳು ಉರಿದು ಮುಗಿದ ಮೇಲೆ ನಡುವಿನ ಹಂತ ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರಂದು ಮತ್ತೆ ಸೋತಿತು. ಈ ಸಲ ಅದೇ ಸಂಧಿಯಲ್ಲಿ, ಗಾಳಿಯ ಒತ್ತಡ ವಿಪರೀತವಿದ್ದ ಹೊತ್ತಿನಲ್ಲಿ, ನಿಯಂತ್ರಣ ತಪ್ಪಿತು. ಪೀಣ್ಯದ ವೇಗದಲ್ಲೇ ಮೂರನೆಯದನ್ನು ಹಾರಿಸಿಬಿಡೋಣ ಎಂಬ ಸೆಳೆತ ಯಾವ ನಾಯಕನಿಗಾದರೂ ಇರುತ್ತದೆ. ಆದರೆ ಕೆಲಸ ನಿಧಾನವಾಯಿತು. ಒಳಗಿನವರ ವಿಶ್ಲೇಷಣೆ ಸಾಲದೆಂದು ಹೊರಗಿನ ತಜ್ಞರ ಸಮಿತಿಯೂ ಬಂತು. ಅದರ ನೇತೃತ್ವ ವಹಿಸಿದವರು ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ. ಸುಮಾರು ನಾಲ್ಕು ವರ್ಷ ಕಾದು, 1992ರ ಮೇ 20ರಂದು ಹಾರಿಸಿದ ಮೂರನೆಯದು ಗೆದ್ದಿತು. ಅದರಲ್ಲಿ ಆದ ಒಂದು ಮಾರ್ಪಾಟನ್ನು ಎಂಜಿನಿಯರ್ ಅಲ್ಲದವರಿಗೂ ಹೇಳಬೇಕೆನಿಸುತ್ತದೆ. ಮೊದಲು ನಡುವಿನ ಹಂತ ಮುಂಚೆಯೇ ಗೊತ್ತುಮಾಡಿದ ಕ್ಷಣಕ್ಕೆ ಹೊತ್ತಿಕೊಳ್ಳಬೇಕಿತ್ತು. ಹೊಸ ವಾಹನದಲ್ಲಿ ಪಕ್ಕದ ರಾಕೆಟ್‌ಗಳ ಬಲ ನಿಜವಾಗಿ ಇಳಿಯುತ್ತಿರುವುದನ್ನು ಯಂತ್ರವೇ ಗ್ರಹಿಸಿ, ಆಗ ಹೊತ್ತಿಕೊಳ್ಳುವಂತೆ ಮಾಡಿದರು. ಕೆಲಸದ ಜಾಗಗಳಲ್ಲಿಯೂ ಅವಘಡಗಳು ಹೆಚ್ಚಾಗಿ ಆಗುವುದು ಇಂಥ ಸಂಧಿಗಳಲ್ಲೇ. ಪ್ರಯೋಗ ಮುಗಿದು ಉತ್ಪಾದನೆ ಶುರುವಾಗುವಾಗ, ಹತ್ತು ಜನರ ಅಂಗಡಿ ನೂರು ಜನರ ಕಂಪನಿಯಾಗುವಾಗ, ಒಳ್ಳೆಯ ಪ್ರೋಗ್ರಾಮರ್ ಒಬ್ಬರು ಟೀಮ್ ಲೀಡ್ ಆದ ಮೊದಲ ತಿಂಗಳಲ್ಲಿ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಪರಿಸ್ಥಿತಿಗೆ ತಕ್ಕಂತೆ ಎಂಬ ಮಾತನ್ನು ಮುಂಗೋಪಕ್ಕೂ ಮುಲಾಜಿಗೂ ನೆಪ ಮಾಡಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಬೆಳಿಗ್ಗೆ ಗದರಿ ಸಂಜೆ ಹೆಗಲ ಮೇಲೆ ಕೈ ಹಾಕುವವರು ಶೈಲಿ ಬದಲಿಸುತ್ತಿಲ್ಲ, ಅವರ ಮನಸ್ಸು ಹೊಯ್ದಾಡುತ್ತಿದೆ, ಅದರ ಸುಂಕವನ್ನು ಕೈಕೆಳಗಿನವರು ಕಟ್ಟುತ್ತಿದ್ದಾರೆ. ಟೂಲ್ ರೂಮಿನ ಫೋರ್ಮನ್ನರನ್ನು ಯಾರೂ ಪಕ್ಷಪಾತಿ ಎನ್ನದಿದ್ದುದಕ್ಕೆ ಕಾರಣ, ಅವರ ಬದಲಾವಣೆಯ ಹಿಂದಿನ ನಿಯಮ ಎಲ್ಲರಿಗೂ ಗೊತ್ತಿತ್ತು. ಪ್ರಾಣಕ್ಕೆ ಅಪಾಯವಿದ್ದರೆ ಅಪ್ಪಣೆ, ಉಕ್ಕಿಗೆ ಅಪಾಯವಿದ್ದರೆ ಪ್ರಶ್ನೆ, ಮಾನಕ್ಕೆ ಅಪಾಯವಿದ್ದರೆ ಉಪಾಯ. ಹೀಗೆಂದು ಗೋಡೆಯ ಮೇಲೆ ಬರೆದಿರಲಿಲ್ಲ. ಆದರೂ ನಾಳೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಯಾವ ಹುಡುಗನಾದರೂ ಊಹಿಸಬಲ್ಲವನಾಗಿದ್ದ.

ಬಿಗಿ ಹಿಡಿದದ್ದನ್ನು ಮತ್ತೆ ಸಡಿಲಿಸುವುದು ಎಲ್ಲಕ್ಕಿಂತ ಕಷ್ಟ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಚೇರಿಗಳು ಮನೆಗಳಿಗೆ ಹೋದವು. ಮೊದಲ ವಾರಗಳಲ್ಲಿ ದಿನಕ್ಕೆರಡು ಕರೆ, ಗಂಟೆಗೊಂದು ವರದಿ ಕೇಳಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರ ಬಳಿ ಕಂಪ್ಯೂಟರ್ ಇಲ್ಲ ಎಂದು ತಿಳಿಯಬೇಕಿತ್ತು. ಆದರೆ ತುರ್ತು ಕಳೆದು ವರ್ಷಗಳಾದ ಮೇಲೂ ಪರದೆಯ ಮೇಲಿನ ಹಸಿರು ಚುಕ್ಕಿಯನ್ನು ಎಣಿಸುವ ಅಧಿಕಾರಿಗಳಿದ್ದಾರೆ. ಬಿಕ್ಕಟ್ಟು ಅವರ ಕೈಗೆ ಕೊಟ್ಟ ಹಿಡಿತದ ರುಚಿ ಹತ್ತಿದೆ. ಅಂಥಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ನನ್ನೊಡನೆ ಮಾತಾಡುವಾಗ ಸಂಬಳದ ಬಗ್ಗೆ ಅಷ್ಟಾಗಿ ದೂರುವುದಿಲ್ಲ. ‘ಸಾರ್, ಐದು ವರ್ಷ ಆದ್ರೂ ನನ್ನನ್ನ ನಂಬಲ್ಲ’ ಎನ್ನುತ್ತಾರೆ. ಈ ಮಾತು ಕೇಳಿದಾಗ ಸಂಕಟವಾಗುತ್ತದೆ.

ಪರಿಸ್ಥಿತಿ ಬದಲಾದದ್ದು ಕುರ್ಚಿಯ ಮೇಲಿರುವವರಿಗೆ ಕೊನೆಗೆ ತಿಳಿಯುತ್ತದೆ. ಮೊದಲು ತಿಳಿಯುವುದು ಕೆಲಸದ ಹತ್ತಿರವಿರುವವರಿಗೆ. ಆದ್ದರಿಂದ ಇಲ್ಲಿರುವ ವ್ಯವಸ್ಥಾಪಕರಲ್ಲಿ, ಮುಖ್ಯೋಪಾಧ್ಯಾಯರಲ್ಲಿ, ಬ್ಯಾಂಕ್ ಶಾಖೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ತಿಂಗಳಿಗೊಮ್ಮೆ ನಿಮ್ಮ ತಂಡದ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಎರಡು ಪ್ರಶ್ನೆ ಕೇಳಿ: ಯಾವ ಕೆಲಸದಲ್ಲಿ ನಾನು ನಿಮಗೆ ಅಡ್ಡ ಬಂದೆ? ಯಾವ ಕೆಲಸದಲ್ಲಿ ಬೇಕಾದಾಗ ಸಿಗಲಿಲ್ಲ? ಮೊದಲ ಸಲ ‘ಹಾಗೇನಿಲ್ಲ ಸಾರ್’, ‘ಎಲ್ಲಾ ಚೆನ್ನಾಗಿದೆ ಮೇಡಂ’ ಎಂಬ ಉತ್ತರವೇ ಬರುತ್ತದೆ, ಎರಡನೇ ಸಲವೂ ಅದೇ ಬರಬಹುದು. ಬಿಡದೆ ಕೇಳಿ. ಮುಂದೆ ಯಾವಾಗಲೋ ಒಬ್ಬರು, ಬಹುಶಃ ತಂಡಕ್ಕೆ ಎಲ್ಲರಿಗಿಂತ ಹೊಸಬರು, ತಡವರಿಸುತ್ತ ಒಂದು ನಿಜ ಹೇಳುತ್ತಾರೆ. ಅದಕ್ಕೆ ಸಮಜಾಯಿಷಿ ಕೊಡಬೇಡಿ. ಬರೆದಿಟ್ಟುಕೊಂಡು, ಆ ವಾರವೇ ಆ ಒಂದು ವಿಷಯದಲ್ಲಿ ನಿಮ್ಮ ರೀತಿಯನ್ನು ಬದಲಿಸಿ, ಬದಲಿಸಿದ್ದೇನೆ ಎಂದು ಅವರಿಗೆ ತಿಳಿಸಿ. ಉಳಿದವರು ಅದನ್ನು ಗಮನಿಸುತ್ತಿರುತ್ತಾರೆ.